ನಿಂತಾಗ ಕಾಣದ್ದು ಮಲಗಿದಾಗ ಕಂಡಿತು: ಹಯಾಟಲ್ ಹರ್ನಿಯಾ ಹುಡುಕುವ ಬೇರಿಯಂ ಪರೀಕ್ಷೆಯ ವಿಮರ್ಶೆ

ಎರಡು ವರ್ಷಗಳ ಅವಧಿಯಲ್ಲಿ ನನ್ನ ಎದೆಗೂ ಹೊಟ್ಟೆಗೂ ನಡುವೆ ಇರುವ ಅಂಗೈಯಗಲದ ಒಂದು ಜಾಗವನ್ನು ನಾಲ್ಕು ಸಲ ಪರೀಕ್ಷಿಸಲಾಯಿತು, ನಾಲ್ಕು ವರದಿಗಳೂ ನಾಲ್ಕು ಬಗೆಯಾಗಿದ್ದವು. ಮೂತ್ರಪಿಂಡದ ಕಲ್ಲಿನ ಅನುಮಾನದಿಂದ ತೆಗೆಸಿದ ಸಿಟಿ ಸ್ಕ್ಯಾನಿನ ವರದಿಯಲ್ಲಿ ಆ ಜಾಗದ ಪ್ರಸ್ತಾಪವೇ ಇರಲಿಲ್ಲ. ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿಯ ವರದಿಯಲ್ಲಿ ‘ಸಣ್ಣ ಹಯಾಟಸ್ ಹರ್ನಿಯಾ’ ಎಂದಷ್ಟೇ ಇತ್ತು, ಅಳತೆ ಇರಲಿಲ್ಲ. ಬೇರಿಯಂ ಬೆರೆಸಿದ ಬಿಳಿಯ ದ್ರವವನ್ನು ಕುಡಿಸಿ ಅದು ಇಳಿಯುವುದನ್ನು ಕ್ಷಕಿರಣದಲ್ಲಿ ನೋಡುವ ಮೊದಲ ಬೇರಿಯಂ ಪರೀಕ್ಷೆ ಎಲ್ಲವೂ ಸಹಜವಾಗಿದೆ ಎಂದಿತು. ಎರಡನೆಯ ಬೇರಿಯಂ ಪರೀಕ್ಷೆ ನಡೆದದ್ದು ಬೇರೊಂದು ಕೇಂದ್ರದಲ್ಲಿ. ಅಲ್ಲಿನ ಯಂತ್ರ ಮೊದಲಿನದಕ್ಕಿಂತ ಹೊಸದೇನೂ ಆಗಿರಲಿಲ್ಲ, ಆದರೂ ಜಠರದ ಮೇಲ್ಭಾಗ ವಪೆಯನ್ನು ದಾಟಿ ಸುಮಾರು 5 ಸೆಂಟಿಮೀಟರ್ ಮೇಲೇರುವುದನ್ನು ಅದು ನನ್ನ ಕಣ್ಣೆದುರೇ ತೋರಿಸಿತು. ನಾನು ಇಲ್ಲಿ ವಿಮರ್ಶಿಸಲು ಹೊರಟಿರುವುದು ಮುಖ್ಯವಾಗಿ ಆ ಕೊನೆಯ ಪರೀಕ್ಷೆಯನ್ನು, ಅದನ್ನು ನಡೆಸಿದ ರೀತಿಯನ್ನು. ಉಳಿದ ಮೂರು ಪರೀಕ್ಷೆಗಳು ಹೋಲಿಕೆಗಾಗಿ ಬರುತ್ತವೆ, ಏಕೆಂದರೆ ಒಂದೇ ಶರೀರದಲ್ಲಿ ಒಂದೇ ದೋಷವನ್ನು ಹುಡುಕಿದ ನಾಲ್ಕು ದಾರಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡುವ ಅವಕಾಶ ಎಲ್ಲರಿಗೂ ಸಿಗುವಂಥದ್ದಲ್ಲ.

ವಪೆ ಎಂಬುದು ಎದೆಗೂಡನ್ನೂ ಉದರವನ್ನೂ ಬೇರ್ಪಡಿಸುವ ಗುಮ್ಮಟದಾಕಾರದ ಸ್ನಾಯು. ಅನ್ನನಾಳವು ಅದರಲ್ಲಿರುವ ಹಯಾಟಸ್ ಎಂಬ ಕಂಡಿಯ ಮೂಲಕ ಕೆಳಗಿಳಿದು ಜಠರವನ್ನು ಸೇರುತ್ತದೆ. ಆ ಕಂಡಿ ಅಗಲವಾಗಿ, ಅನ್ನನಾಳದ ತುದಿಯನ್ನು ಅಲ್ಲಿ ಹಿಡಿದಿಟ್ಟಿರುವ ಪೊರೆ ಸಡಿಲಗೊಂಡರೆ ಜಠರದ ಒಂದು ಭಾಗ ಎದೆಯೊಳಕ್ಕೆ ಸರಿಯುತ್ತದೆ. ಇದೇ ಹಯಾಟಲ್ ಹರ್ನಿಯಾ, ಇದನ್ನು ನಾಲ್ಕು ವಿಧಗಳಾಗಿ ಗುರುತಿಸುತ್ತಾರೆ. ಅನ್ನನಾಳ ಮತ್ತು ಜಠರ ಕೂಡುವ ಸಂಧಿಯೇ ಮೇಲಕ್ಕೆ ಜಾರಿದರೆ ಅದು ಮೊದಲನೆಯ ವಿಧ, ಅಂದರೆ ಜಾರುವ ಹರ್ನಿಯಾ. ಒಟ್ಟು ಹಯಾಟಲ್ ಹರ್ನಿಯಾಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚಿನವು ಇದೇ ಬಗೆಯವು. ಸಂಧಿ ತನ್ನ ಜಾಗದಲ್ಲೇ ಇದ್ದು ಜಠರದ ಮೇಲ್ಗುಮ್ಮಟ ಮಾತ್ರ ಅನ್ನನಾಳದ ಪಕ್ಕದಿಂದ ನುಸುಳಿದರೆ ಎರಡನೆಯದು, ಎರಡೂ ಒಟ್ಟಿಗೆ ಮೇಲೇರಿದರೆ ಮೂರನೆಯದು, ಜಠರದ ಜೊತೆಗೆ ದೊಡ್ಡ ಕರುಳಿನಂಥ ಬೇರೆ ಅಂಗವೂ ಮೇಲೆ ಹೋದರೆ ನಾಲ್ಕನೆಯದು. ನನ್ನದು ಮೊದಲನೆಯ ವಿಧ. ಬಾಗಿದರೆ ಎದೆಯುರಿ, ರಾತ್ರಿ ಗಂಟಲಿಗೆ ಬರುವ ಹುಳಿನೀರು, ಆಗಾಗ ಗಟ್ಟಿ ಆಹಾರ ಎದೆಮೂಳೆಯ ಹಿಂದೆ ನಿಂತಂತೆ ಅನಿಸುವುದು, ಮತ್ತು ಇವುಗಳಿಗೆ ಸಂಬಂಧವೇ ಇಲ್ಲವೆಂದು ನಾನು ಆಗ ತಿಳಿದಿದ್ದ ರಕ್ತಹೀನತೆ ನನ್ನ ತೊಂದರೆಗಳಾಗಿದ್ದವು.

ಜಾರುವ ಹರ್ನಿಯಾದ ಪತ್ತೆ ಕಷ್ಟವಾಗುವುದು ಅದು ಜಾರುವುದರಿಂದಲೇ. ನಿಂತಾಗ ಜಠರ ತನ್ನ ಭಾರಕ್ಕೆ ಕೆಳಗಿಳಿದು ಸ್ವಸ್ಥಾನ ಸೇರಬಹುದು, ಮಲಗಿದಾಗ, ಕೆಮ್ಮಿದಾಗ, ತಿಣುಕಿದಾಗ ಮತ್ತೆ ಮೇಲೇರಬಹುದು. ಇದರ ಜೊತೆಗೆ ಇನ್ನೊಂದು ತೊಡಕಿದೆ. ಆರೋಗ್ಯವಂತನಲ್ಲಿಯೂ ಪ್ರತಿ ನುಂಗಿಗೆ ಅನ್ನನಾಳದ ಉದ್ದದ ಸ್ನಾಯುಗಳು ಕುಗ್ಗಿ, ಸಂಧಿಯನ್ನು ಕ್ಷಣಕಾಲ ಸುಮಾರು 2 ಸೆಂಟಿಮೀಟರಿನವರೆಗೆ ಮೇಲಕ್ಕೆ ಎಳೆಯುತ್ತವೆ. ಆ ಕ್ಷಣದಲ್ಲಿ ಚಿತ್ರ ತೆಗೆದರೆ ಇಲ್ಲದ ಹರ್ನಿಯಾ ಇದ್ದಂತೆ ಕಾಣುತ್ತದೆ. ತಪ್ಪಾದ ಭಂಗಿಯಲ್ಲಿ ತೆಗೆದರೆ ಇರುವ ಹರ್ನಿಯಾ ಇಲ್ಲದಂತೆ ಕಾಣುತ್ತದೆ. ಹೀಗಾಗಿ ಸಂಧಿ ಮತ್ತು ವಪೆಯ ನಡುವೆ 2 ಸೆಂಟಿಮೀಟರಿಗಿಂತ ಹೆಚ್ಚು ಅಂತರ ಕಂಡರೆ ಮಾತ್ರ ಹರ್ನಿಯಾ ಎಂದು ಕರೆಯುವ ರೂಢಿ ಬೆಳೆದಿದೆ, ಮತ್ತು ಅದಕ್ಕಿಂತ ಚಿಕ್ಕವುಗಳ ವಿಷಯದಲ್ಲಿ ಪರಿಣತರ ನಡುವೆಯೂ ಒಮ್ಮತ ಮೂಡುವುದು ಸುಲಭವಲ್ಲ.

ಮೊದಲ ಬೇರಿಯಂ ಪರೀಕ್ಷೆ ಮುಗಿಯಲು ಕೆಲವೇ ನಿಮಿಷ ಹಿಡಿಯಿತು. ಯಂತ್ರದ ಮುಂದೆ ನಿಂತೆ, ಕೊಟ್ಟ ಬಿಳಿಯ ದ್ರವವನ್ನು ಕೆಲವು ಗುಟುಕು ಕುಡಿದೆ, ಮೂರು ನಾಲ್ಕು ಚಿತ್ರಗಳನ್ನು ತೆಗೆದುಕೊಂಡರು, ಹೋಗಬಹುದು ಎಂದರು. ಮಲಗಿಸಲಿಲ್ಲ, ಹೊರಳಿಸಲಿಲ್ಲ, ನನ್ನ ತೊಂದರೆ ಏನೆಂದು ಕೇಳಲೂ ಇಲ್ಲ. ಚಿತ್ರಗಳು ಸ್ಪಷ್ಟವಾಗಿಯೇ ಇದ್ದವು ಎಂದು ಆಮೇಲೆ ಅವನ್ನು ನೋಡಿದ ವೈದ್ಯರೊಬ್ಬರು ಹೇಳಿದರು. ಸ್ಪಷ್ಟವಾದ ಆ ಚಿತ್ರಗಳು ತೋರಿಸಿದ್ದು ನಿಂತಿರುವ ಮನುಷ್ಯನ, ತಾತ್ಕಾಲಿಕವಾಗಿ ಕೆಳಗಿಳಿದ ಜಠರವನ್ನು. ಆ ‘ಸಹಜ’ ಎಂಬ ಒಂದು ಪದದ ಬಲದ ಮೇಲೆ ನಾನು ಏಳು ತಿಂಗಳು ಸುಮ್ಮನಿದ್ದೆ ಎಂಬುದು ನನಗೆ ಇಂದಿಗೂ ನೋವು ಕೊಡುವ ವಿಷಯ. ಇಂಥ ಪರೀಕ್ಷೆಯಲ್ಲಿ ಹರ್ನಿಯಾ ಇಲ್ಲ ಎಂದು ಬರೆಯುವ ಮೊದಲು ಅದು ಯಾವ ಭಂಗಿಯಲ್ಲಿ ಕಾಣಲಿಲ್ಲ ಎಂಬುದನ್ನು ಬರೆಯಲೇಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ.

ಎರಡನೆಯ ಕೇಂದ್ರದ ಅನುಭವ ಆರಂಭದಿಂದಲೇ ಬೇರೆಯಾಗಿತ್ತು. ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿರಬೇಕೆಂದು ಮೊದಲೇ ತಿಳಿಸಿದ್ದರು. ಜಠರದಲ್ಲಿ ಆಹಾರ ಉಳಿದಿದ್ದರೆ ಅದು ಬೇರಿಯಂ ಜೊತೆ ಬೆರೆತು ಗೋಡೆಯ ವಿವರಗಳನ್ನು ಮರೆಮಾಡುತ್ತದೆ. ಕ್ಷಕಿರಣ ಚಿತ್ರಗಳ ತಜ್ಞರಾದ ರೇಡಿಯಾಲಜಿಸ್ಟ್ ಸ್ವತಃ ಬಂದು ಕುಳಿತು, ಯಾವಾಗ ಉರಿಯುತ್ತದೆ, ಯಾವ ಭಂಗಿಯಲ್ಲಿ ಹುಳಿ ಮೇಲೆ ಬರುತ್ತದೆ, ಆಹಾರ ಎಲ್ಲಿ ನಿಂತಂತಾಗುತ್ತದೆ, ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದೆಯೇ, ನೀರು ಕುಡಿಯುವಾಗ ನೆತ್ತಿಗೆ ಹತ್ತುತ್ತದೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಕೊನೆಯ ಪ್ರಶ್ನೆ ಕೇವಲ ಔಪಚಾರಿಕವಲ್ಲ. ಬೇರಿಯಂ ಶ್ವಾಸನಾಳಕ್ಕೆ ಹೋಗಬಾರದು, ಮತ್ತು ಅನ್ನನಾಳ ಎಲ್ಲಿಯಾದರೂ ತೂತಾಗಿರುವ ಅನುಮಾನವಿದ್ದರೆ ಬೇರಿಯಂ ಬದಲು ನೀರಿನಲ್ಲಿ ಕರಗುವ ಬೇರೆ ದ್ರವವನ್ನು ಮೊದಲು ಬಳಸುತ್ತಾರೆ.

ಪರೀಕ್ಷೆಯ ಮೊದಲ ಹಂತ ನಿಂತುಕೊಂಡೇ ನಡೆಯಿತು. ಬಾಯಿಗೆ ಹಾಕುತ್ತಲೇ ನೊರೆಯೇಳುವ ಹರಳುಗಳನ್ನು ಸ್ವಲ್ಪ ನೀರಿನೊಂದಿಗೆ ನುಂಗಿಸಿ, ತೇಗದಂತೆ ತಡೆಹಿಡಿಯಲು ಹೇಳಿ, ಕೂಡಲೇ ಗಟ್ಟಿಯಾದ ಬೇರಿಯಂ ಕುಡಿಸಿದರು. ಹರಳುಗಳಿಂದ ಹೊಮ್ಮುವ ಅನಿಲ ಅನ್ನನಾಳವನ್ನು ಉಬ್ಬಿಸುತ್ತದೆ, ಬೇರಿಯಂ ಅದರ ಒಳಗೋಡೆಗೆ ತೆಳುವಾಗಿ ಬಳಿದುಕೊಳ್ಳುತ್ತದೆ, ಹೀಗೆ ಒಳಪದರದ ಹುಣ್ಣು, ಉರಿಯೂತ, ಗಂಟುಗಳು ಗೋಚರಿಸುತ್ತವೆ. ತೇಗನ್ನು ತಡೆಹಿಡಿಯುವುದು ಇಡೀ ಪರೀಕ್ಷೆಯಲ್ಲಿ ನನಗೆ ಅತ್ಯಂತ ಕಷ್ಟವಾದ ಭಾಗ. ಈ ಹಂತದ ಚಿತ್ರಗಳಲ್ಲಿಯೂ ಹರ್ನಿಯಾ ಕಾಣಲಿಲ್ಲ. ರೇಡಿಯಾಲಜಿಸ್ಟ್ ಅದರಿಂದ ವಿಚಲಿತರಾಗಲಿಲ್ಲ, ನಿಲ್ಲಲೂ ಇಲ್ಲ.

ಬಳಿಕ ಮೇಜನ್ನು ನಿಧಾನವಾಗಿ ಅಡ್ಡಲಾಗಿಸಿ, ನನ್ನನ್ನು ಬೋರಲಾಗಿ ಮಲಗಿಸಿದರು. ದೇಹದ ಬಲಭಾಗ ಮೇಜಿಗೆ ತಾಗಿಕೊಂಡು ಎಡಭಾಗ ತುಸು ಮೇಲೇಳುವಂತೆ ಓರೆಯಾಗಿ ಇರಿಸಿದರು. ಹೀಗೆ ಮಲಗಿದಾಗ ಅನ್ನನಾಳದ ಕೆಳತುದಿ ಬೆನ್ನುಮೂಳೆಗಳ ನೆರಳಿನಿಂದ ಹೊರಬಂದು ಪ್ರತ್ಯೇಕವಾಗಿ ಕಾಣುತ್ತದೆಯಂತೆ. ಹೊಟ್ಟೆಯ ಕೆಳಗೆ ಒಂದು ಗಟ್ಟಿಯಾದ ಮೆತ್ತೆ ಇಟ್ಟರು, ಅದರಿಂದ ಉದರದ ಒಳಒತ್ತಡ ಹೆಚ್ಚುತ್ತದೆ. ಈಗ ಕೊಟ್ಟದ್ದು ತೆಳುವಾದ ಬೇರಿಯಂ. ಮೊದಲು ಒಂದೊಂದೇ ಗುಟುಕು, ನಡುವೆ ಬಿಡುವು ಕೊಟ್ಟು, ಐದು ಸಲ. ಪ್ರತಿ ಗುಟುಕಿನ ಹಿಂದೆ ಹೊರಡುವ ಸಂಕೋಚನದ ಅಲೆ ಕೆಳಗಿನವರೆಗೆ ಅಖಂಡವಾಗಿ ಸಾಗುತ್ತದೆಯೇ ಎಂದು ನೋಡುವುದಕ್ಕೆ ಹೀಗೆ ಮಾಡುತ್ತಾರೆ. ಎರಡು ಗುಟುಕುಗಳನ್ನು ಒಂದರ ಹಿಂದೆ ಒಂದರಂತೆ ಬೇಗ ನುಂಗಿದರೆ ಎರಡನೆಯದು ಮೊದಲನೆಯ ಅಲೆಯನ್ನು ಅಡಗಿಸಿಬಿಡುತ್ತದೆ, ಇಲ್ಲದ ದೌರ್ಬಲ್ಯವನ್ನು ಇರುವಂತೆ ತೋರಿಸುತ್ತದೆ. ಆಮೇಲೆ ಇದೇ ಗುಣವನ್ನು ಬೇಕೆಂದೇ ಬಳಸಿಕೊಂಡರು. ಕೊಳವೆಯಿಂದ ನಿಲ್ಲಿಸದೆ ಗಟಗಟನೆ ಕುಡಿಯಲು ಹೇಳಿದಾಗ ಅಲೆಗಳು ಅಡಗಿ, ಅನ್ನನಾಳ ಪೂರ್ತಿ ತುಂಬಿ ಹಿಗ್ಗಿತು. ಆ ಹೊತ್ತಿಗೆ ಆಳವಾಗಿ ಉಸಿರೆಳೆದು ತಿಣುಕುವಂತೆ ಹೇಳಿದರು.

ಪಕ್ಕದ ಪರದೆ ನನಗೆ ಕಾಣುವಂತೆ ತಿರುಗಿಸಲಾಗಿತ್ತು. ವಪೆಯ ಮೇಲೆ, ಅನ್ನನಾಳದ ತುದಿಗೆ ಅಂಟಿದಂತೆ ಗಂಟೆಯಾಕಾರದ ಒಂದು ಚೀಲ ನೋಡನೋಡುತ್ತಿದ್ದಂತೆ ತುಂಬಿಕೊಂಡಿತು. ಅದರ ಮೇಲಂಚಿನಲ್ಲಿ ಸುತ್ತಲೂ ಕಟ್ಟಿದ ದಾರದಂತೆ ತೆಳುವಾದ ಒಂದು ಉಂಗುರ, ಅದರೊಳಗಿನಿಂದ ಕೆಳಕ್ಕೆ ವಪೆಯ ಕಂಡಿಯನ್ನು ದಾಟಿ ಹೋಗುವ ನಾಲ್ಕೈದು ದಪ್ಪ ಮಡಿಕೆಗಳು. ಅನ್ನನಾಳದ ಒಳಪದರಕ್ಕೆ ಇಂಥ ದಪ್ಪ ಮಡಿಕೆಗಳಿರುವುದಿಲ್ಲ, ಇವು ಜಠರಕ್ಕೇ ಸೇರಿದವು. ಆದುದರಿಂದ ವಪೆಯ ಮೇಲಿರುವ ಆ ಚೀಲ ಜಠರವೇ ಎಂಬುದಕ್ಕೆ ಅವು ಸಾಕ್ಷಿ. ಉಂಗುರವು ಅನ್ನನಾಳದ ಪದರ ಮುಗಿದು ಜಠರದ ಪದರ ಆರಂಭವಾಗುವ ಗಡಿಯಲ್ಲಿರುವುದರಿಂದ, ಉಂಗುರದಿಂದ ಕಂಡಿಯವರೆಗಿನ ದೂರವೇ ಹರ್ನಿಯಾದ ಉದ್ದ. ರೇಡಿಯಾಲಜಿಸ್ಟ್ ಅಲ್ಲಿಯೇ ಅಳೆದು 5 ಸೆಂಟಿಮೀಟರ್ ಎಂದರು. ಉಸಿರು ಬಿಟ್ಟು ಸಡಿಲಗೊಂಡಾಗ ಚೀಲ ಅರ್ಧಕ್ಕೂ ಕಡಿಮೆಯಾಯಿತು. ಮೇಜನ್ನು ಮತ್ತೆ ನೆಟ್ಟಗೆ ನಿಲ್ಲಿಸಿದಾಗ ಅದು ಪೂರ್ತಿ ಮಾಯವಾಯಿತು. ಮೊದಲ ಕೇಂದ್ರ ಏಕೆ ಸೋತಿತು ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಉತ್ತರ ನನಗೆ ಬೇಕಿರಲಿಲ್ಲ.

ಆ ಉಂಗುರಕ್ಕೆ ಶಾಟ್ಸ್ಕಿ ಎಂಬ ಹೆಸರು ಸೇರಿಕೊಂಡಿದೆ. ರೇಡಿಯಾಲಜಿಸ್ಟ್ ರಿಚರ್ಡ್ ಶಾಟ್ಸ್ಕಿ 1953ರಲ್ಲಿ ಕಿರಿದಾದ ಉಂಗುರವನ್ನೂ ಆಹಾರ ಸಿಕ್ಕಿಕೊಳ್ಳುವ ತೊಂದರೆಯನ್ನೂ ಜೋಡಿಸಿ ವಿವರಿಸಿದ್ದರು. ಉಂಗುರದ ವ್ಯಾಸ 13 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ತೊಂದರೆ ಬಹುಮಟ್ಟಿಗೆ ಖಚಿತ, 20 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಅಪರೂಪ ಎಂಬುದು ಅವರಿಂದ ಬಂದ ತಿಳಿವಳಿಕೆ. ಇದನ್ನು ಪರೀಕ್ಷಿಸಲೆಂದೇ ಸುಮಾರು 13 ಮಿಲಿಮೀಟರ್ ವ್ಯಾಸದ ಬೇರಿಯಂ ಗುಳಿಗೆಯನ್ನು ನನಗೆ ನುಂಗಿಸಿದರು. ಅದು ಉಂಗುರದಲ್ಲಿ ಸ್ವಲ್ಪ ಹೊತ್ತು ತಡೆದು, ಒಂದು ಗುಟುಕು ನೀರು ಕುಡಿದ ಮೇಲೆ ಇಳಿಯಿತು. ಹಯಾಟಲ್ ಹರ್ನಿಯಾದ ಇಡೀ ಚರಿತ್ರೆಯೇ ಕ್ಷಕಿರಣದ ಪರದೆಗೆ ಋಣಿಯಾಗಿದೆ ಎನ್ನಬಹುದು. ರಾಂಟ್‌ಜೆನ್ 1895ರಲ್ಲಿ ಕ್ಷಕಿರಣವನ್ನು ಕಂಡುಹಿಡಿದ ಮರುವರ್ಷವೇ ಹಾರ್ವರ್ಡ್‌ನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್ ಪ್ರಾಣಿಗಳು ನುಂಗುವುದನ್ನು ಅದರ ಬೆಳಕಿನಲ್ಲಿ ನೋಡತೊಡಗಿದರು, ಮತ್ತು 1926ರಲ್ಲಿ ಈ ಹರ್ನಿಯಾಗಳನ್ನು ಮೊದಲು ವಿಂಗಡಿಸಿದ ಓಕೆ ಓಕರ್‌ಲುಂಡ್ ಸ್ವೀಡನ್ನಿನ ರೇಡಿಯಾಲಜಿಸ್ಟ್. ಚಲಿಸುವ ಚಿತ್ರವನ್ನು ಕಣ್ಣಿಟ್ಟು ನೋಡುವ ಆ ಹಳೆಯ ಕಲೆ ಈಗಲೂ ಇಷ್ಟು ಉಪಯುಕ್ತವಾಗಿರುವುದು ನನಗೆ ಆಳವಾದ ಗೌರವ ಮೂಡಿಸಿತು.

ಉಳಿದ ಪರೀಕ್ಷೆಗಳ ವಿಷಯದಲ್ಲಿ ನ್ಯಾಯವಾಗಿ ಮಾತನಾಡಬೇಕು. ನನ್ನ ಹಳೆಯ ಸಿಟಿ ಚಿತ್ರಗಳನ್ನು ಈ ರೇಡಿಯಾಲಜಿಸ್ಟ್ ಮತ್ತೆ ತೆರೆದು, ಎದುರಿನಿಂದ ನೋಡಿದಂತೆ ಮರುಜೋಡಿಸಿದ ನೋಟದಲ್ಲಿ ಜಠರದ ಚಿಕ್ಕ ತುದಿಯೊಂದು ಕಂಡಿಯೊಳಗೆ ಇಣುಕುತ್ತಿರುವುದನ್ನೂ, ಕಂಡಿಯ ಇಕ್ಕೆಲದಲ್ಲಿರುವ ವಪೆಯ ಎರಡು ಸ್ನಾಯುಪಟ್ಟಿಗಳ (‘ಕಾಲುಗಳ’) ನಡುವಣ ಅಂತರ ಅಗಲವಾಗಿರುವುದನ್ನೂ ತೋರಿಸಿದರು. ಚಿತ್ರದಲ್ಲಿ ಇತ್ತು, ಹುಡುಕಿದವರಿರಲಿಲ್ಲ, ಏಕೆಂದರೆ ಆಗ ಪ್ರಶ್ನೆ ಕಲ್ಲಿನ ಬಗ್ಗೆ ಇತ್ತು. ಅಂಗಾತ ಮಲಗಿ ಒಂದು ಉಸಿರು ಹಿಡಿದ ಅವಧಿಯಲ್ಲಿ ಮುಗಿಯುವ ಸಿಟಿ, ಜಾರುವ ಚಿಕ್ಕ ಹರ್ನಿಯಾಕ್ಕೆ ಸರಿಯಾದ ಸಾಧನವಲ್ಲ. ಆದರೆ ಎರಡರಿಂದ ನಾಲ್ಕನೆಯ ವಿಧದ ದೊಡ್ಡ ಹರ್ನಿಯಾಗಳಲ್ಲಿ ಅದರ ಸ್ಥಾನವನ್ನು ಬೇರಾವುದೂ ತುಂಬಲಾರದು. ಯಾವ ಅಂಗ ಎಷ್ಟು ಮೇಲೇರಿದೆ, ಜಠರ ತಿರುಚಿಕೊಂಡಿದೆಯೇ, ಅದರ ಗೋಡೆಗೆ ರಕ್ತ ಹರಿಯುತ್ತಿದೆಯೇ ಎಂಬುದನ್ನು ಅದು ನಿಮಿಷಗಳಲ್ಲಿ ಹೇಳುತ್ತದೆ. ಇದ್ದಕ್ಕಿದ್ದಂತೆ ಮೇಲ್ಹೊಟ್ಟೆಯಲ್ಲಿ ತೀವ್ರ ನೋವು, ಏನೂ ಹೊರಬಾರದ ಓಕರಿಕೆ, ಮೂಗಿನಿಂದ ಹಾಕಿದ ಕೊಳವೆ ಜಠರಕ್ಕೆ ಇಳಿಯದಿರುವುದು, ಈ ಮೂರು ಒಟ್ಟಿಗೆ ಬಂದರೆ ಅದು ಜಠರದ ತಿರುಚುವಿಕೆಯ ಸೂಚನೆ. ಆಗ ಬೇರಿಯಂ ಮೇಜಿನ ಮೇಲೆ ಹೊರಳಾಡಿಸುತ್ತ ಕಾಲ ಕಳೆಯುವಂತಿಲ್ಲ. ಎದೆಯ ಸಾಮಾನ್ಯ ಕ್ಷಕಿರಣ ಚಿತ್ರದಲ್ಲಿಯೂ ದೊಡ್ಡ ಹರ್ನಿಯಾ ಹೃದಯದ ನೆರಳಿನ ಹಿಂದೆ ಗಾಳಿ ಮತ್ತು ದ್ರವದ ಸಮತಲ ಗೆರೆಯಾಗಿ ಕಾಣಿಸಿಕೊಳ್ಳುವುದುಂಟು, ಚಿಕ್ಕವು ಕಾಣುವುದಿಲ್ಲ.

ಎಂಡೋಸ್ಕೋಪಿ ಒಳಪದರವನ್ನು ನೇರವಾಗಿ ತೋರಿಸುತ್ತದೆ, ಬೇಕಾದಲ್ಲಿ ತುಣುಕು ತೆಗೆಯುತ್ತದೆ, ಈ ಎರಡರಲ್ಲಿ ಬೇರಿಯಂ ಅದಕ್ಕೆ ಸಾಟಿಯಲ್ಲ. ಅನ್ನನಾಳದ ಮಸುಕು ಬಣ್ಣ ಮುಗಿದು ಜಠರದ ಕೆಂಪು ಬಣ್ಣ ಆರಂಭವಾಗುವ ಗೆರೆಯಿಂದ ವಪೆಯ ಹಿಸುಕುವಿಕೆ ಕಾಣುವ ಮಟ್ಟದವರೆಗೆ ಅಳೆದರೆ ಹರ್ನಿಯಾದ ಉದ್ದ ಸಿಗುತ್ತದೆ, ಕ್ಯಾಮೆರಾವನ್ನು ಜಠರದೊಳಗೆ ಹಿಂದಿರುಗಿಸಿ ನೋಡಿದರೆ ಅನ್ನನಾಳ ಜಠರವನ್ನು ಸೇರುವಲ್ಲಿನ ಕವಾಟದ ಸಡಿಲತೆಯನ್ನು ಹಿಲ್ ವರ್ಗೀಕರಣದ ನಾಲ್ಕು ದರ್ಜೆಗಳಲ್ಲಿ ನಮೂದಿಸಬಹುದು. ಆದರೆ ಒಳಗೆ ಊದುವ ಗಾಳಿ, ರೋಗಿಯ ಓಕರಿಕೆ, ಉಸಿರಾಟ, ಇವೆಲ್ಲ ಆ ಅಳತೆಯನ್ನು ಏರುಪೇರು ಮಾಡುತ್ತವೆ. ನನ್ನ ವರದಿಯಲ್ಲಿ ಅಳತೆಯೇ ಇರಲಿಲ್ಲವಾದ್ದರಿಂದ ಆ ಪ್ರಶ್ನೆಯೂ ಉಳಿಯಲಿಲ್ಲ. ಒತ್ತಡ ಅಳೆಯುವ ಮ್ಯಾನೋಮೆಟ್ರಿಯಲ್ಲಿ ಅನ್ನನಾಳದ ಕೆಳಕವಾಟ ಮತ್ತು ವಪೆ ಎರಡು ಪ್ರತ್ಯೇಕ ಶಿಖರಗಳಾಗಿ ಕಾಣುವುದು ಹರ್ನಿಯಾದ ಗುರುತು. ಅದು ಚಿತ್ರಣವಲ್ಲದ ಕಾರಣ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಬೇರಿಯಂ ಪರೀಕ್ಷೆಯ ಮಿತಿಗಳನ್ನೂ ಹೇಳಬೇಕು. ಹರ್ನಿಯಾ ಕಂಡಿತು ಎಂದ ಮಾತ್ರಕ್ಕೆ ಆಮ್ಲ ಅಸಹಜವಾಗಿ ಮೇಲೆ ಬರುತ್ತಿದೆ ಎಂದು ಸಾಬೀತಾಗುವುದಿಲ್ಲ, ಪರೀಕ್ಷೆಯ ಹೊತ್ತಿನಲ್ಲಿ ಬೇರಿಯಂ ಹಿಂದಕ್ಕೆ ಹರಿಯಲಿಲ್ಲ ಎಂದರೆ ರಿಫ್ಲಕ್ಸ್, ಅಂದರೆ ಜಠರದಲ್ಲಿರುವುದು ಅನ್ನನಾಳಕ್ಕೆ ಹಿಮ್ಮರಳುವುದು, ಇಲ್ಲವೆಂದೂ ಅಲ್ಲ. ಅದಕ್ಕೆ ದಿನವಿಡೀ ಆಮ್ಲ ಅಳೆಯುವ ಪರೀಕ್ಷೆ ಬೇರೆಯೇ ಇದೆ. ವಿಕಿರಣದ ಪ್ರಮಾಣ ಪರದೆ ಎಷ್ಟು ಹೊತ್ತು ಚಾಲೂ ಇತ್ತು ಎಂಬುದನ್ನು ಅವಲಂಬಿಸಿರುತ್ತದೆ. ನಿಸರ್ಗದಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಇಂಥ ಪರೀಕ್ಷೆಯ ಪ್ರಮಾಣ ಸಾಮಾನ್ಯವಾಗಿ ಕೆಲವೇ ಮಿಲಿಸೀವರ್ಟ್‌ಗಳ ಒಳಗಿರುತ್ತದೆ. ರೇಡಿಯಾಲಜಿಸ್ಟ್ ಕ್ಷಕಿರಣವನ್ನು ಚಾಲೂ ಮಾಡುವ ಕಾಲೊತ್ತುಗೆಯನ್ನು ನಾನು ನುಂಗುವ ಕ್ಷಣಗಳಲ್ಲಷ್ಟೇ ಒತ್ತುತ್ತಿದ್ದುದನ್ನು ಗಮನಿಸಿದೆ, ಆ ಎಚ್ಚರ ನನಗೆ ಮೆಚ್ಚುಗೆಯಾಯಿತು. ಗರ್ಭಿಣಿಯರು ತಮ್ಮ ಸ್ಥಿತಿಯನ್ನು ಮೊದಲೇ ತಿಳಿಸಬೇಕೆಂಬುದನ್ನು ಬಾಗಿಲಲ್ಲೇ ಬರೆದಿದ್ದರು.

ಸೇವೆಯಲ್ಲಿ ನನಗೆ ಕೊರತೆ ಕಂಡದ್ದು ಪರೀಕ್ಷೆ ಮುಗಿದ ಮೇಲೆ. ಬೇರಿಯಂ ಮಲವನ್ನು ಗಟ್ಟಿ ಮಾಡುತ್ತದೆ, ಎರಡು ಮೂರು ದಿನ ಮಲ ಬೆಳ್ಳಗಿರುತ್ತದೆ, ಹೆಚ್ಚು ನೀರು ಕುಡಿಯಬೇಕು ಎಂದು ಯಾರೂ ಹೇಳಲಿಲ್ಲ, ನಾನು ಮೂರನೆಯ ದಿನ ಸಾಕಷ್ಟು ಕಷ್ಟಪಟ್ಟೆ. ಎರಡನೆಯ ಕೊರತೆ ಇನ್ನೂ ಮುಖ್ಯವಾದದ್ದು. ಚಲಿಸುವ ಚಿತ್ರವೇ ಈ ಪರೀಕ್ಷೆಯ ಪ್ರಾಣವಾಗಿರುವಾಗ ಅವರು ಕೊಟ್ಟದ್ದು ಆಯ್ದ ಆರು ಸ್ಥಿರ ಚಿತ್ರಗಳು ಮಾತ್ರ. ಚಲನೆಯ ದೃಶ್ಯವನ್ನು ಕೇಳಿ ಪಡೆಯಲು ಎರಡು ಬಾರಿ ಹೋಗಬೇಕಾಯಿತು. ವರದಿ ಮಾತ್ರ ಅಚ್ಚುಕಟ್ಟಾಗಿತ್ತು: ಹರ್ನಿಯಾದ ವಿಧ, ಉದ್ದ, ಯಾವ ಭಂಗಿಯಲ್ಲಿ ಕಂಡಿತು, ನಿಂತಾಗ ತಾನಾಗಿ ಕೆಳಗಿಳಿಯಿತೇ, ಐದು ಗುಟುಕುಗಳಲ್ಲಿ ಎಷ್ಟಕ್ಕೆ ಅಲೆ ಪೂರ್ಣವಾಗಿ ಸಾಗಿತು, ಗುಳಿಗೆ ಎಲ್ಲಿ ತಡೆಯಿತು, ರಿಫ್ಲಕ್ಸ್ ಎಲ್ಲಿಯವರೆಗೆ ಏರಿತು ಎಂಬ ಎಲ್ಲವೂ ಅದರಲ್ಲಿತ್ತು. ಹರ್ನಿಯಾದ ಶಸ್ತ್ರಚಿಕಿತ್ಸೆ ಮಾಡುವವರಿಗೆ ಅನ್ನನಾಳದ ಅಲೆಗಳ ಬಲ ತಿಳಿದಿರುವುದು ಅಗತ್ಯ, ದುರ್ಬಲವಾದ ಅನ್ನನಾಳಕ್ಕೆ ಬಿಗಿಯಾದ ಕವಾಟ ಕಟ್ಟಿದರೆ ನುಂಗುವುದೇ ಕಷ್ಟವಾಗುತ್ತದೆ. ಪರೀಕ್ಷೆಗೆ ಸಮಯ ಕೇಳುವಾಗಲೇ, ಬೋರಲು ಮಲಗಿಸಿ ಕುಡಿಸುತ್ತೀರಾ, ರೇಡಿಯಾಲಜಿಸ್ಟ್ ಸ್ವತಃ ಇರುತ್ತಾರಾ, ಚಲನೆಯ ದೃಶ್ಯವನ್ನು ಕೊಡುತ್ತೀರಾ ಎಂದು ವಿಚಾರಿಸಿಕೊಳ್ಳುವಂತೆ ನಾನು ಈಗ ಪರಿಚಿತರಿಗೆಲ್ಲ ಹೇಳುತ್ತಿದ್ದೇನೆ.

ಆ 5 ಸೆಂಟಿಮೀಟರ್ ಎಂಬ ಅಂಕಿ ನನಗೆ ತಂದುಕೊಟ್ಟ ಪ್ರಯೋಜನ ನಾನು ಎಣಿಸಿರದ ಕಡೆಯಿಂದ ಬಂದಿತು. ವರದಿ ಓದಿದ ವೈದ್ಯರು ಎದೆಯುರಿಯ ಮಾತನ್ನು ಬದಿಗಿಟ್ಟು ನನ್ನ ಹಿಮೋಗ್ಲೋಬಿನ್ ಎಷ್ಟೆಂದು ಕೇಳಿದರು. ದೊಡ್ಡದಾದ ಜಾರುವ ಹರ್ನಿಯಾ ಉಸಿರಾಟದೊಂದಿಗೆ ಮೇಲೆ ಕೆಳಗೆ ಉಜ್ಜುವಲ್ಲಿ, ವಪೆಯ ಮಟ್ಟದಲ್ಲಿ, ಜಠರದ ಮಡಿಕೆಗಳ ಮೇಲೆ ಗೀಚಿದಂತೆ ಉದ್ದುದ್ದ ಹುಣ್ಣುಗಳಾಗುವುದುಂಟು, ಅವಕ್ಕೆ ಕ್ಯಾಮರಾನ್ ಹುಣ್ಣುಗಳೆಂದು ಹೆಸರು, ಅವು ಸದ್ದಿಲ್ಲದೆ ರಕ್ತ ಸೋರಿಸುತ್ತವೆ ಎಂದು ವಿವರಿಸಿ ಎಂಡೋಸ್ಕೋಪಿಯನ್ನು ಮತ್ತೊಮ್ಮೆ ಮಾಡಿಸಿದರು. ಈ ಸಲ ಎಲ್ಲಿ ನಿಂತು ನೋಡಬೇಕೆಂಬುದು ಗೊತ್ತಿತ್ತು. ವಪೆ ಹಿಸುಕುವ ಮಟ್ಟದಲ್ಲಿ ಹೋಗುವಾಗಲೂ ಬರುವಾಗಲೂ ಕ್ಯಾಮೆರಾವನ್ನು ತಡೆದು ನೋಡಿದಾಗ ಅಂಥ ಮೂರು ಹುಣ್ಣುಗಳು ಸಿಕ್ಕವು. ಆಮ್ಲ ತಗ್ಗಿಸುವ ಮಾತ್ರೆ ಮತ್ತು ಕಬ್ಬಿಣಾಂಶದ ಮಾತ್ರೆಗಳಿಂದ ನಾಲ್ಕು ತಿಂಗಳಲ್ಲಿ ರಕ್ತಹೀನತೆ ಸರಿಯಾಯಿತು, ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡವೆಂದು ತೀರ್ಮಾನವಾಗಿದೆ. ಬೇರಿಯಂ ಪರೀಕ್ಷೆಯನ್ನು ಪ್ರತಿ ವರ್ಷ ಮಾಡಿಸಬೇಕೇ ಎಂದು ಕೇಳಿದ್ದಕ್ಕೆ, ಲಕ್ಷಣಗಳು ಬದಲಾದರೆ ಅಥವಾ ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡಿದರೆ ಮಾತ್ರ ಸಾಕು ಎಂದು ಅವರು ಹೇಳಿದರು.